ಹೃದಯದ ಮಾತ್ರೆ: ಅರಿತು ನುಂಗೋಣ, ಅರಿಯದೆ ಬಿಡದಿರೋಣ



2025ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ನೆರೆಯ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವಿನ ಸುದ್ದಿಗಳು ಒಂದರ ಹಿಂದೊಂದು ಬಂದುದನ್ನು ನಮ್ಮ ಓದುಗರು ಮರೆತಿರಲಾರರು. ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಎಷ್ಟೋ ಹಳ್ಳಿಗಳಿಗೆ ಹಾಸನದ ಗಡಿಯು ಹೊಲದ ಬದುವಿನಷ್ಟೇ ದೂರ. ಅಲ್ಲಿಯ ಅಳಲು ಇಲ್ಲಿಯ ಜಗಲಿಗಳಿಗೂ ಕೇಳಿಸಿತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಜನರು ಸಾಲುಗಟ್ಟಿ ನಿಂತರು. ಯಾವ ನೋವೂ ಇಲ್ಲದವರು ಕೂಡ ಒಮ್ಮೆ ಪರೀಕ್ಷೆ ಮಾಡಿಸಿಕೊಂಡೇ ಬರೋಣವೆಂದು ಬಸ್ಸು ಹತ್ತಿದರು.

ಬಳಿಕ ರಾಜ್ಯ ಸರ್ಕಾರ ನೇಮಿಸಿದ ತಜ್ಞರ ಸಮಿತಿಯು 24 ಸಾವುಗಳನ್ನು ಪರಿಶೀಲಿಸಿ ವರದಿ ನೀಡಿತು. ಅವುಗಳಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದವೇ ಅಲ್ಲ. ಉಳಿದವರಲ್ಲಿ ಬಹುಮಂದಿಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಮದ್ಯಪಾನಗಳಂತಹ ಹಳೆಯ ಕಾರಣಗಳೇ ಇದ್ದವು. ಭಯಪಡುವಷ್ಟು ಹೊಸದೇನೂ ಘಟಿಸಿರಲಿಲ್ಲ. ಆದರೆ ಹಳೆಯ ಶತ್ರು ಮನೆಯೊಳಗೇ ಕುಳಿತಿದ್ದಾನೆಂಬುದು ಮತ್ತೊಮ್ಮೆ ತಿಳಿಯಿತು.

ಭಯ ಬೇಗ ಬರುತ್ತದೆ, ಬೇಗ ಹೋಗುತ್ತದೆ. ಉಳಿಯಬೇಕಾದುದು ಅರಿವು. ಆಸ್ಪತ್ರೆಯ ಮುಂದಿನ ಸಾಲು ಕರಗಿದ ಮೇಲೆ ನಮಗೆ ಕಾಣುವುದು ಬೇರೊಂದು ದೃಶ್ಯ. ಮನೆಮನೆಯ ಗೋಡೆಯ ಗೂಡಿನಲ್ಲಿ, ದೂರದರ್ಶನ ಪೆಟ್ಟಿಗೆಯ ಮೇಲೆ, ಪ್ಲಾಸ್ಟಿಕ್ ಚೀಲವೊಂದರಲ್ಲಿ ನಾಲ್ಕಾರು ಬಗೆಯ ಮಾತ್ರೆಗಳಿರುತ್ತವೆ. ನುಂಗುವವರಿಗೆ ಅವು ‘ಬಿಳಿಯದು’, ‘ಗುಲಾಬಿಯದು’, ‘ರಾತ್ರಿಯದು’. ಯಾವುದು ಏನು ಮಾಡುತ್ತದೆಂದು ತಿಳಿಯದು. ತಿಳಿಯದ ಕಾರಣದಿಂದಲೇ, ಎರಡು ತಿಂಗಳು ಮೈ ಹಗುರವಾದೊಡನೆ, ‘ಇನ್ನೇಕೆ ಇದು?’ ಎಂದು ನಿಲ್ಲಿಸುತ್ತಾರೆ. ಹೃದ್ರೋಗದಲ್ಲಿ ಎಷ್ಟೋ ಅನಾಹುತಗಳು ಹೀಗೆ, ಸದ್ದಿಲ್ಲದೆ, ಒಳ್ಳೆಯ ದಿನಗಳಲ್ಲೇ ಆರಂಭವಾಗುತ್ತವೆ.

ನಮ್ಮ ಸಮಾಜದ ಅನೇಕ ಮಕ್ಕಳು ಇಂದು ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ, ಮಂಡ್ಯದಲ್ಲಿ, ಮೈಸೂರಿನಲ್ಲಿ ವೈದ್ಯಕೀಯ ವ್ಯಾಸಂಗ ಮಾಡುತ್ತಿದ್ದಾರೆ. ಅವರು ಪರೀಕ್ಷೆಗಾಗಿ ಕಂಠಪಾಠ ಮಾಡುವ ಹೃದಯದ ಶರೀರಕ್ರಿಯೆ ಮತ್ತು ಔಷಧಗಳ ಪಟ್ಟಿಯೇ ಅಜ್ಜನ ಚೀಲದಲ್ಲಿರುವ ಮಾತ್ರೆಗಳ ಪಟ್ಟಿ. ಓದಿದವರು ಮನೆಯವರಿಗೆ ತಿಳಿಯುವ ಮಾತಿನಲ್ಲಿ ಅದನ್ನು ಹೇಳಬೇಕು. ಮನೆಯವರು ಕೇಳಿ ತಿಳಿಯಬೇಕು. ಇಬ್ಬರಿಗೂ ಸಲ್ಲುವಂತೆ ಈ ತಿಂಗಳ ಅಂಕಣವನ್ನು ಬರೆದಿದ್ದೇವೆ.

ಹೃದಯದ ಕಾಯಕ

ಹೃದಯವು ಅವರವರ ಮುಷ್ಟಿಯಷ್ಟು ಗಾತ್ರದ, ಸುಮಾರು 300 ಗ್ರಾಂ ತೂಗುವ ಮಾಂಸದ ಚೀಲ. ಅದಕ್ಕೆ ನಾಲ್ಕು ಕೋಣೆಗಳು. ಮೇಲಿನ ಎರಡಕ್ಕೆ ಹೃತ್ಕರ್ಣಗಳೆಂದೂ ಕೆಳಗಿನ ಎರಡಕ್ಕೆ ಹೃತ್ಕುಕ್ಷಿಗಳೆಂದೂ ಹೆಸರು. ದೇಹವನ್ನೆಲ್ಲ ಸುತ್ತಿ ಬಳಲಿ ಬಂದ ರಕ್ತವನ್ನು ಬಲಭಾಗವು ಶ್ವಾಸಕೋಶಕ್ಕೆ ಕಳುಹಿಸುತ್ತದೆ. ಅಲ್ಲಿ ಆಮ್ಲಜನಕವನ್ನು ತುಂಬಿಕೊಂಡು ಮರಳಿದ ರಕ್ತವನ್ನು ಎಡಭಾಗವು ಮಹಾಪಧಮನಿಯ ಮೂಲಕ ದೇಹಕ್ಕೆಲ್ಲ ಹಂಚುತ್ತದೆ. ಕೋಣೆಗಳ ನಡುವೆ ಒಂದೇ ಕಡೆಗೆ ತೆರೆಯುವ ಬಾಗಿಲುಗಳಂತೆ ಕವಾಟಗಳಿವೆ. ರಕ್ತವು ಹೀಗೆ ಸುತ್ತಿ ಸುತ್ತಿ ಬರುತ್ತದೆಂಬುದನ್ನು ಇಂಗ್ಲೆಂಡಿನ ವಿಲಿಯಂ ಹಾರ್ವೆ ಎಂಬ ವೈದ್ಯನು 1628ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು.

ಈ ಪುಟ್ಟ ಚೀಲದ ದುಡಿಮೆಯ ಲೆಕ್ಕವನ್ನು ನೋಡಿ. ಒಂದು ಬಡಿತಕ್ಕೆ ಅದು ಹೊರದೂಡುವ ರಕ್ತ ಸುಮಾರು 70 ಮಿಲಿಲೀಟರ್. ನಿಮಿಷಕ್ಕೆ 75 ಬಡಿತಗಳಂತೆ ಐದು ಲೀಟರುಗಳಿಗಿಂತ ಸ್ವಲ್ಪ ಹೆಚ್ಚು. ಒಂದು ಹಗಲು, ಒಂದು ರಾತ್ರಿ ಕಳೆಯುವುದರೊಳಗೆ ಒಂದು ಲಕ್ಷಕ್ಕೂ ಮಿಕ್ಕ ಬಡಿತ. ಏಳು ಸಾವಿರ ಲೀಟರುಗಳಿಗೂ ಮಿಕ್ಕ ರಕ್ತ. ನಮ್ಮ ತೋಟದ ಪಂಪ್‌ಸೆಟ್ಟಿಗೆ ವಿದ್ಯುತ್ತು ಹೋದಾಗಲಾದರೂ ಬಿಡುವುಂಟು. ಹೃದಯಕ್ಕೆ ಅದೂ ಇಲ್ಲ.

ಹಾಗಾದರೆ ಹೃದಯವು ವಿಶ್ರಮಿಸುವುದೇ ಇಲ್ಲವೇ? ವಿಶ್ರಮಿಸುತ್ತದೆ, ಎರಡು ಬಡಿತಗಳ ನಡುವೆ. ನಿಮಿಷಕ್ಕೆ 75 ಬಾರಿ ಮಿಡಿಯುವ ಹೃದಯಕ್ಕೆ ಒಂದು ಆವರ್ತಕ್ಕೆ ಸಿಗುವ ಕಾಲ 0.8 ಸೆಕೆಂಡು. ಅದರಲ್ಲಿ ಸುಮಾರು 0.3 ಸೆಕೆಂಡು ಸಂಕುಚನ, ಉಳಿದ 0.5 ಸೆಕೆಂಡು ವಿರಾಮ. ಈ ಅರ್ಧ ಸೆಕೆಂಡಿನ ವಿರಾಮದಲ್ಲಿಯೇ ಹೃದಯದ ಎಡಭಾಗದ ಸ್ನಾಯುವು ತನ್ನ ಪಾಲಿನ ರಕ್ತದ ಬಹುಭಾಗವನ್ನು ಪಡೆಯುತ್ತದೆ. ಬಿಗಿದುಕೊಂಡಾಗ ಅದರೊಳಗಿನ ರಕ್ತನಾಳಗಳೂ ಹಿಸುಕಲ್ಪಡುವುದರಿಂದ ಆಗ ರಕ್ತ ಹರಿಯುವುದು ಕಷ್ಟ. ಊರಿಗೆಲ್ಲ ಬಡಿಸಿ, ಕೊನೆಗೆ ತಾನು ಉಣ್ಣುವ ಮನೆಯೊಡತಿಯಂತೆ ಅದರ ನಡತೆ. ಬಡಿತವು ನಿಮಿಷಕ್ಕೆ 150ಕ್ಕೆ ಏರಿದರೆ ಹೆಚ್ಚಾಗಿ ಮೊಟಕಾಗುವುದು ಈ ವಿರಾಮವೇ. ಹೆಚ್ಚು ದುಡಿಮೆ, ಕಡಿಮೆ ಊಟ! ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ಅರ್ಧ ಔಷಧಗಳ ಮರ್ಮ ತಾನಾಗಿ ತಿಳಿಯುತ್ತದೆ.

ಅಣೆಕಟ್ಟಿನ ಪಕ್ಕದಲ್ಲೇ ಬರ

ಹೃದಯದೊಳಗೆ ಇಷ್ಟೊಂದು ರಕ್ತ ಹಾದುಹೋಗುವಾಗ ಅದಕ್ಕೇಕೆ ರಕ್ತದ ಕೊರತೆಯಾಗಬೇಕೆಂದು ಕೆಲವರು ಕೇಳುತ್ತಾರೆ. ಕನ್ನಂಬಾಡಿಯ ಜಲಾಶಯದ ಅಂಚಿನಲ್ಲಿದ್ದರೂ ನಾಲೆಯ ನೀರು ಹತ್ತದ ಜಮೀನುಗಳಿರುವುದನ್ನು ಶ್ರೀರಂಗಪಟ್ಟಣ, ಪಾಂಡವಪುರದ ರೈತರು ಬಲ್ಲರು. ಕಣ್ಣೆದುರಿಗೆ ನೀರಿದ್ದರೂ ಪೈರಿಗೆ ನೀರು ಬರಬೇಕಾದುದು ತೂಬಿನಿಂದ, ನಾಲೆಯಿಂದ. ಹೃದಯದ ಗೋಡೆಯೂ ಹಾಗೆಯೇ. ಮಹಾಪಧಮನಿಯ ಬುಡದಲ್ಲಿ ಹುಟ್ಟಿ ಹೃದಯವನ್ನು ಅಪ್ಪಿಕೊಂಡಿರುವ ಕರೋನರಿ ಧಮನಿಗಳೆಂಬ ಎರಡು ನಾಲೆಗಳಿಂದಲೇ ಅದಕ್ಕೆ ಆಹಾರ.

ಈ ನಾಲೆಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಸೇರಿ ಗಂಟುಗಟ್ಟುತ್ತದೆ. ಹಾದಿ ಕಿರಿದಾದಾಗ, ನಡೆಯುವಾಗ, ದಿಣ್ಣೆ ಹತ್ತುವಾಗ, ಹೊರೆ ಹೊತ್ತಾಗ ಎದೆ ಹಿಡಿದಂತಾಗುತ್ತದೆ, ನಿಂತರೆ ಬಿಡುತ್ತದೆ. ಇದು ಹೃದಯಶೂಲೆ. ಒಂದು ದಿನ ಆ ಕೊಬ್ಬಿನ ಗಂಟು ಬಿರಿದರೆ, ಗಾಯವಾಯಿತೆಂದು ಭಾವಿಸಿ ರಕ್ತದ ಕಣಗಳು ಅಲ್ಲಿಗೆ ಮುತ್ತಿ ಹೆಪ್ಪುಗಟ್ಟುತ್ತವೆ. ನಾಲೆ ಪೂರ್ಣ ಮುಚ್ಚುತ್ತದೆ. ಅದರ ಕೊನೆಯ ಭಾಗದ ಸ್ನಾಯು ನೀರಿಲ್ಲದ ಗದ್ದೆಯಂತೆ ಒಣಗತೊಡಗುತ್ತದೆ. ಇದೇ ಹೃದಯಾಘಾತ. ಒಣಗಿದ ಪೈರು ಮರುದಿನ ನೀರು ಬಿಟ್ಟರೆ ಚಿಗುರದು. ಸತ್ತ ಹೃದಯಸ್ನಾಯುವೂ ಮರಳದು. ಆದುದರಿಂದಲೇ ಹೃದಯಾಘಾತದಲ್ಲಿ ಗಂಟೆಗಳ ಲೆಕ್ಕವಲ್ಲ, ನಿಮಿಷಗಳ ಲೆಕ್ಕ.

ಹೃದಯದ ಬೇರೆ ಕಾಯಿಲೆಗಳೂ ಉಂಟು. ರಕ್ತದೊತ್ತಡ ಬಹುಕಾಲ ಏರಿದ್ದರೆ ಒತ್ತಿ ಒತ್ತಿ ಸ್ನಾಯು ದಪ್ಪವಾಗಿ ಕಡೆಗೆ ಸೋಲುತ್ತದೆ. ಸೋತ ಹೃದಯದ ಹಿಂದೆ ರಕ್ತ ನಿಂತು, ಶ್ವಾಸಕೋಶದಲ್ಲಿ ನೀರಾಡಿ, ಮಲಗಿದರೆ ಉಸಿರು ಕಟ್ಟುತ್ತದೆ, ಕಾಲು ಊದುತ್ತದೆ. ಇದು ಹೃದಯ ವೈಫಲ್ಯ. ಹೃದಯ ನಿಂತುಹೋಯಿತೆಂದು ಇದರ ಅರ್ಥವಲ್ಲ, ದೇಹಕ್ಕೆ ಬೇಕಾದಷ್ಟು ದುಡಿಯಲಾರದಾಯಿತೆಂದು ಅರ್ಥ. ಮಕ್ಕಳಲ್ಲಿ ಗಂಟಲು ಬೇನೆಯ ಬೆನ್ನಿಗೆ ಬರುವ ಕೀಲುವಾತ ಜ್ವರವು ಕವಾಟಗಳನ್ನು ಕೆಡಿಸುತ್ತದೆ. ಹುಡುಗಿಯಾಗಿದ್ದಾಗ ಬಂದುಹೋದ ಜ್ವರವು ಮದುವೆಯಾಗಿ ಬಸುರಾದಾಗ ಏದುಸಿರಾಗಿ ಪ್ರಕಟವಾಗುವುದುಂಟು. ಅಂತಹ ಮಕ್ಕಳಿಗೆ ಮೂರು–ನಾಲ್ಕು ವಾರಗಳಿಗೊಮ್ಮೆ ಕೊಡುವ ಪೆನಿಸಿಲಿನ್ ಚುಚ್ಚುಮದ್ದನ್ನು ವೈದ್ಯರು ಹೇಳಿದಷ್ಟು ವರ್ಷ ತಪ್ಪಿಸಬಾರದು.

ಯಾವ ಮಾತ್ರೆ ಏನು ಮಾಡುತ್ತದೆ?

ಹೆಸರುಗಳು ನೂರಾರಿದ್ದರೂ ಹೃದಯದ ಔಷಧಗಳ ಕೆಲಸಗಳು ಕೆಲವೇ. ಪಂಪಿನ ವೇಗ, ಕೊಳವೆಯ ಅಗಲ, ನೀರಿನ ಪ್ರಮಾಣ, ಕೊಳವೆಯೊಳಗಿನ ಕಸ: ಈ ನಾಲ್ಕನ್ನು ನೆನೆದರೆ ಸಾಕು.

ಮೊದಲನೆಯದು, ವೇಗ ತಗ್ಗಿಸುವ ಮಾತ್ರೆಗಳು. ಮೆಟೊಪ್ರೊಲಾಲ್, ಬಿಸೊಪ್ರೊಲಾಲ್, ಕಾರ್ವೆಡಿಲಾಲ್ ಇವು ಈ ಗುಂಪಿನವು. ಇವು ಬಡಿತವನ್ನು ನಿಧಾನಗೊಳಿಸಿ ವಿರಾಮದ ಕಾಲವನ್ನು ಹಿಗ್ಗಿಸುತ್ತವೆ. ಹೃದಯಕ್ಕೆ ಕೆಲಸ ಕಡಿಮೆ, ಊಟ ಹೆಚ್ಚು. ಈ ಗುಂಪಿನ ಪ್ರೊಪ್ರನೊಲಾಲ್ ಔಷಧವನ್ನು 1960ರ ದಶಕದಲ್ಲಿ ರೂಪಿಸಿದ ಸರ್ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಎಚ್ಚರವೇನೆಂದರೆ, ಇವನ್ನು ಥಟ್ಟನೆ ನಿಲ್ಲಿಸಿದರೆ ಕಟ್ಟಿಹಾಕಿದ ಹೋರಿಯನ್ನು ಬಿಚ್ಚಿದಂತೆ ಬಡಿತವೂ ಒತ್ತಡವೂ ಏರಿ ಎದೆನೋವು ಮರುಕಳಿಸಬಹುದು. ಆಸ್ತಮಾ ಇರುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಇಳಿದಾಗ ಬರುವ ಎದೆಬಡಿತದ ಮುನ್ಸೂಚನೆಯನ್ನು ಇವು ಮುಚ್ಚಿಬಿಡುವುದೂ ಉಂಟು.

ಎರಡನೆಯದು, ಕೊಳವೆ ಅಗಲಿಸುವ ಮಾತ್ರೆಗಳು. ಅಮ್ಲೊಡಿಪಿನ್, ಎನಲಾಪ್ರಿಲ್, ರಾಮಿಪ್ರಿಲ್, ಟೆಲ್ಮಿಸಾರ್ಟನ್ ಮೊದಲಾದವು. ರಕ್ತನಾಳ ಸಡಿಲವಾದರೆ ಒತ್ತಡ ಇಳಿಯುತ್ತದೆ, ಹೃದಯದ ಹೊರೆ ತಗ್ಗುತ್ತದೆ. ಅಮ್ಲೊಡಿಪಿನ್‌ನಿಂದ ಕೆಲವರಿಗೆ ಹಿಮ್ಮಡಿಯ ಸುತ್ತ ಊತ ಬರುತ್ತದೆ. ಎನಲಾಪ್ರಿಲ್, ರಾಮಿಪ್ರಿಲ್‌ಗಳಿಂದ ಕೆಲವರಿಗೆ ಒಣಕೆಮ್ಮು ಹತ್ತುತ್ತದೆ. ಕೆಮ್ಮಿನ ಔಷಧದ ಸೀಸೆಗಳನ್ನು ಬರಿದು ಮಾಡಿದರೂ ಅದು ಹೋಗದು, ಮಾತ್ರೆ ಬದಲಿಸಿದರೆ ಹೋಗುತ್ತದೆ. ಎನಲಾಪ್ರಿಲ್, ರಾಮಿಪ್ರಿಲ್, ಟೆಲ್ಮಿಸಾರ್ಟನ್‌ಗಳನ್ನು ಬಸುರಿಯರು ಸೇವಿಸಬಾರದು. ಆದುದರಿಂದ ಮಗುವನ್ನು ಬಯಸುವ ಸೊಸೆಯಂದಿರು ಮುಂಚಿತವಾಗಿಯೇ ವೈದ್ಯರನ್ನು ಕಾಣಬೇಕು. ನಾಲಿಗೆಯ ಕೆಳಗಿಡುವ ಸಾರ್ಬಿಟ್ರೇಟ್ ಕೂಡ ನಾಳ ಸಡಿಲಿಸುವ ಔಷಧವೇ. ಅದನ್ನು ಕುಳಿತುಕೊಂಡೇ ಇಟ್ಟುಕೊಳ್ಳಬೇಕು. ನಿಂತಿದ್ದರೆ ಒತ್ತಡ ಕುಸಿದು ಕಣ್ಣು ಕತ್ತಲೆ ಬಂದು ಬೀಳುವುದುಂಟು. ಪುರುಷರು ಲೈಂಗಿಕ ದೌರ್ಬಲ್ಯಕ್ಕೆಂದು ಸೇವಿಸುವ ಸಿಲ್ಡೆನಾಫಿಲ್‌ನಂತಹ ಮಾತ್ರೆಗಳೊಡನೆ ಇದು ಸೇರಿದರೆ ಪ್ರಾಣಾಪಾಯ. ಸಂಕೋಚದಿಂದ ಈ ಸಂಗತಿಯನ್ನು ವೈದ್ಯರಿಂದ ಮುಚ್ಚಿಡಬಾರದು.

ಮೂರನೆಯದು, ನೀರು ಇಳಿಸುವ ಮಾತ್ರೆಗಳು. ಫ್ಯುರೋಸೆಮೈಡ್, ಟಾರ್ಸೆಮೈಡ್, ಸ್ಪೈರೊನೊಲ್ಯಾಕ್ಟೋನ್ ಇತ್ಯಾದಿ. ಮೂತ್ರದ ಮೂಲಕ ಉಪ್ಪು, ನೀರುಗಳನ್ನು ಹೊರಹಾಕಿ ಉಸಿರಾಟವನ್ನು ಹಗುರಗೊಳಿಸುತ್ತವೆ. ಮದುವೆ, ಜಾತ್ರೆಗಳಿಗೆ ಹೊರಟ ದಿನ ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕಾದೀತೆಂದು ಇವನ್ನು ಬಿಡುವವರು ಬಹಳ. ಬಿಡಬೇಕಾಗಿಲ್ಲ, ಹೊತ್ತನ್ನು ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿದರೆ ಸಾಕು. ಇನ್ನೊಂದು ವಿಷಯ: ಫ್ಯುರೋಸೆಮೈಡ್ ಪೊಟ್ಯಾಸಿಯಂ ಲವಣವನ್ನು ಕಳೆಯುತ್ತದೆ, ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್‌ಗಳು ಅದನ್ನು ಉಳಿಸುತ್ತವೆ. ನಮ್ಮ ತೆಂಗಿನ ಸೀಮೆಯ ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳವಾಗಿದೆ. ಮೂತ್ರಪಿಂಡ ಸೋತವರು, ಪೊಟ್ಯಾಸಿಯಂ ಉಳಿಸುವ ಮಾತ್ರೆ ನುಂಗುವವರು ದಿನವೂ ಎಳನೀರು ಕುಡಿಯಬಹುದೇ ಎಂಬುದನ್ನು ಕೇಳಿಯೇ ಕುಡಿಯಬೇಕು. ಪೊಟ್ಯಾಸಿಯಂ ಮಿತಿಮೀರಿದರೆ ಹೃದಯದ ಲಯವೇ ತಪ್ಪುತ್ತದೆ.

ನಾಲ್ಕನೆಯದು, ಹೆಪ್ಪುಗಟ್ಟದಂತೆ, ಕೊಬ್ಬು ಕೂಡದಂತೆ ನೋಡಿಕೊಳ್ಳುವ ಮಾತ್ರೆಗಳು. ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ರಕ್ತದ ಕಣಗಳು ಒಂದಕ್ಕೊಂದು ಅಂಟದಂತೆ ತಡೆಯುತ್ತವೆ. ಸ್ಟೆಂಟ್ ಹಾಕಿಸಿಕೊಂಡವರಿಗೆ ಇವೇ ಜೀವರಕ್ಷೆ. ಸ್ಟೆಂಟ್ ಎಂದರೆ ಕಿರಿದಾದ ನಾಳದೊಳಗೆ ಬಿಗಿದ ಲೋಹದ ಬಲೆ. ಅದರ ಮೇಲೆ ನಾಳದ ಹೊಸ ಪೊರೆ ಬೆಳೆಯುವವರೆಗೂ ರಕ್ತ ಅಲ್ಲಿ ಹೆಪ್ಪುಗಟ್ಟಲು ಹವಣಿಸುತ್ತಿರುತ್ತದೆ. ಹೃದಯಾಘಾತದ ಬಳಿಕ ಸಾಮಾನ್ಯವಾಗಿ ಒಂದು ವರ್ಷ ಎರಡನ್ನೂ, ಅನಂತರ ಒಂದನ್ನು ಜೀವನಪರ್ಯಂತ ಸೇವಿಸಲು ಹೇಳುತ್ತಾರೆ. ಹಲ್ಲು ಕೀಳಿಸಲು ಹೋದಾಗ ತಾವಾಗಿಯೇ ಇವನ್ನು ನಿಲ್ಲಿಸುವುದು ಬಲು ಅಪಾಯ. ಹೃದ್ರೋಗ ವೈದ್ಯರನ್ನು ಕೇಳದೆ ಒಂದು ದಿನವೂ ಬಿಡಬಾರದು. ಕೊಬ್ಬಿನ ಗಂಟು ಬಿರಿಯದಂತೆ ಗಟ್ಟಿಮಾಡುವುದು ಅಟೊರ್ವಸ್ಟಾಟಿನ್, ರೋಸುವಸ್ಟಾಟಿನ್. ರಕ್ತಪರೀಕ್ಷೆಯಲ್ಲಿ ಕೊಲೆಸ್ಟೆರಾಲ್ ಇಳಿದುದನ್ನು ಕಂಡು, ಗುಣವಾಯಿತೆಂದು ಇದನ್ನು ಬಿಡುವವರುಂಟು. ಇಳಿದುದು ಮಾತ್ರೆಯಿಂದ, ಬಿಟ್ಟರೆ ಮತ್ತೆ ಏರುತ್ತದೆ.

ಕೃತಕ ಕವಾಟ ಹಾಕಿಸಿಕೊಂಡವರು ನುಂಗುವ ವಾರ್ಫರಿನ್ ಅಥವಾ ಅಸಿಟ್ರಾಮ್ ಬೇರೆಯೇ ಬಗೆಯದು. ಅದು ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಹೆಪ್ಪು. ಆದಕಾರಣ ಕಾಲಕಾಲಕ್ಕೆ ರಕ್ತಪರೀಕ್ಷೆ ಅಗತ್ಯ. ಸೊಪ್ಪಿನಲ್ಲಿರುವ ಕೆ ಜೀವಸತ್ವವು ಇದರ ಶಕ್ತಿಯನ್ನು ಕುಗ್ಗಿಸುತ್ತದೆ. ಹಾಗೆಂದು ಬಸ್ಸಾರನ್ನೇ ತೊರೆಯಬೇಕಿಲ್ಲ. ವಾರವೆಲ್ಲ ಬಿಟ್ಟು ಒಂದು ದಿನ ತಟ್ಟೆ ತುಂಬ ಉಣ್ಣುವ ಬದಲು, ಪ್ರತಿ ವಾರವೂ ಒಂದೇ ಪ್ರಮಾಣದಲ್ಲಿ ಉಂಡರೆ ಮಾತ್ರೆಯ ಪ್ರಮಾಣವನ್ನು ಅದಕ್ಕೆ ಹೊಂದಿಸಬಹುದು.

ಗಿಡಮೂಲಿಕೆಯೂ ವಿಷವೂ

‘ಇಂಗ್ಲಿಷ್ ಔಷಧ ಬೇಡ, ಗಿಡದ ಔಷಧ ಸಾಕು’ ಎನ್ನುವವರಿಗೆ ಒಂದು ಮಾತು. ಹೃದಯದ ಔಷಧಗಳಲ್ಲಿ ಹಲವು ಪ್ರಕೃತಿಯಿಂದಲೇ ಬಂದವು. ಡಿಜಿಟಾಲಿಸ್ ಎಂಬ ಹೂಗಿಡದ ಎಲೆಯು ನೀರೂತಕ್ಕೆ ಮದ್ದೆಂಬುದನ್ನು ವಿಲಿಯಂ ವಿದರಿಂಗ್ 1785ರಲ್ಲಿ ಬರೆದಿಟ್ಟನು. ಅದೇ ಜಾತಿಯ ಗಿಡದಿಂದ ಇಂದಿನ ಡಿಗಾಕ್ಸಿನ್ ಬಂದಿದೆ. ಬ್ರೆಜಿಲ್ ದೇಶದ ಮಂಡಲ ಹಾವೊಂದರ ವಿಷದ ಅಧ್ಯಯನವೇ ಎನಲಾಪ್ರಿಲ್ ಗುಂಪಿನ ಔಷಧಗಳಿಗೆ ದಾರಿ ತೋರಿತು. ನಮ್ಮ ನಾಡಿನ ಸರ್ಪಗಂಧವು ರಕ್ತದೊತ್ತಡವನ್ನು ಇಳಿಸುವುದನ್ನು ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಜಗತ್ತೇ ಇತ್ತ ತಿರುಗಿ ನೋಡಿತು.

ಆದರೆ ನಾವು ಶಿವಪೂಜೆಗೆ ಏರಿಸುವ ಕಣಗಿಲೆಯನ್ನೇ ನೋಡಿ. ಡಿಜಿಟಾಲಿಸ್‌ನಲ್ಲಿರುವಂತಹದೇ ವಸ್ತುಗಳು ಅದರ ಎಲೆ, ಬೀಜ, ತೊಗಟೆಗಳಲ್ಲಿವೆ. ಅಳತೆ ತಿಳಿಯದೆ ಹೊಟ್ಟೆಗೆ ಹೋದರೆ ಹೃದಯದ ಲಯವನ್ನೇ ನಿಲ್ಲಿಸಬಲ್ಲ ವಿಷವದು. ಮದ್ದಿಗೂ ವಿಷಕ್ಕೂ ನಡುವೆ ಇರುವುದು ಅಳತೆಯ ಗೆರೆ. ಗಿಡದಲ್ಲಿ ಆ ಅಳತೆ ಎಲೆಯಿಂದ ಎಲೆಗೆ ಬದಲಾಗುತ್ತದೆ. ಮಾತ್ರೆಯಲ್ಲಿ ಅದು ನಿಗದಿಯಾಗಿರುತ್ತದೆ. ಪರಿಶೀಲಿತವಲ್ಲದ ಮೂಲಿಕೆಯನ್ನು ಹೃದಯದ ಮಾತ್ರೆಗಳೊಡನೆ ಬೆರೆಸುವುದು ಸಲ್ಲದು. ಕಣಗಿಲೆಯ ಹೂವು ಪೂಜೆಗಿರಲಿ. ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳೋಣ.

ನಮ್ಮ ಮನೆಗಳ ರೂಢಿಗಳು

ನಾಟಿ, ಕಳೆ, ಕಬ್ಬು ಕಡಿಯುವ ಕೆಲಸಗಳಲ್ಲಿ ಮಂಡಿ, ಸೊಂಟ ನೋಯುವುದು ಸಹಜ. ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳಂತಹ ನೋವಿನ ಮಾತ್ರೆಗಳನ್ನು ತಂದು ತಿಂಗಳುಗಟ್ಟಲೆ ನುಂಗುವುದು ನಮ್ಮ ಹಳ್ಳಿಗಳಲ್ಲಿ ಬಹಳ. ಇವು ದೇಹದಲ್ಲಿ ಉಪ್ಪು, ನೀರುಗಳನ್ನು ಹಿಡಿದಿಡುತ್ತವೆ, ಒತ್ತಡವನ್ನು ಏರಿಸುತ್ತವೆ, ಹೃದಯಾಘಾತದ ಸಂಭವವನ್ನು ಹೆಚ್ಚಿಸುತ್ತವೆ. ರಾಮಿಪ್ರಿಲ್ ಮತ್ತು ನೀರಿನ ಮಾತ್ರೆಯೊಡನೆ ಇವು ಸೇರಿದರೆ ಮೂತ್ರಪಿಂಡಕ್ಕೆ ಮುಮ್ಮಡಿ ಪೆಟ್ಟು. ಹೃದ್ರೋಗಿಗಳು ನೋವಿಗೆ ಏನು ನುಂಗಬೇಕೆಂಬುದನ್ನು ವೈದ್ಯರಿಂದಲೇ ತಿಳಿಯತಕ್ಕದ್ದು.

ಉಪ್ಪಿನ ಮಾತೂ ಹಾಗೆಯೇ. ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ, ಎಂದರೆ ಒಂದು ಚಹಾ ಚಮಚದೊಳಗೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ರಾಗಿಮುದ್ದೆ ಒಳ್ಳೆಯದೇ, ಅದರೊಡನೆ ಬರುವ ಉಪ್ಸಾರು, ಉಪ್ಪಿನಕಾಯಿ, ಹಪ್ಪಳಗಳ ಉಪ್ಪನ್ನು ಅಳೆಯುವವರಿಲ್ಲ. ಬೀಡಿ, ಸಿಗರೇಟು ಬಿಟ್ಟೆವೆನ್ನುವ ಮನೆಗಳಲ್ಲಿಯೂ ಎಲೆಅಡಿಕೆಯೊಡನೆ ಕಡ್ಡಿಪುಡಿ ಮುಂದುವರಿಯುತ್ತದೆ. ಹೊಗೆಯಿಲ್ಲದಿದ್ದರೂ ತಂಬಾಕು ತಂಬಾಕೇ.

ಇಷ್ಟಲಿಂಗ ಪೂಜೆಯಾಗದೆ ಬಾಯಿಗೆ ನೀರನ್ನೂ ಹಾಕದ ಹಿರಿಯರು ನಮ್ಮಲ್ಲಿದ್ದಾರೆ. ಅವರ ನಿಷ್ಠೆಗೆ ನಮಸ್ಕಾರ. ಒಂದು ದಿನ ಪೂಜೆ ಏಳಕ್ಕೆ, ಇನ್ನೊಂದು ದಿನ ಹನ್ನೊಂದಕ್ಕೆ ಎಂದಾದಾಗ ಮಾತ್ರೆಯ ಹೊತ್ತೂ ಅಲೆದಾಡುತ್ತದೆ. ಪೂಜೆಯ ಹೊತ್ತನ್ನು ವೈದ್ಯರಿಗೆ ಹೇಳಿ, ಅದಕ್ಕೆ ಹೊಂದುವಂತೆ ಮಾತ್ರೆಯ ಹೊತ್ತನ್ನು ನಿಗದಿ ಮಾಡಿಸಿಕೊಂಡರೆ ಎರಡೂ ನಡೆಯುತ್ತವೆ. ಶಿವರಾತ್ರಿಯ ಉಪವಾಸಕ್ಕೂ ಇದೇ ಮಾತು. ನೀರಿನ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ವಾರ ಮುಂಚೆಯೇ ವೈದ್ಯರ ಸಲಹೆ ಪಡೆಯಬೇಕು. ಮಾತ್ರೆ ನುಂಗಿದರೆ ವ್ರತ ಕೆಡದು. ದೇಹವನ್ನು ಕಾಪಾಡಿಕೊಳ್ಳುವುದೂ ಒಂದು ವ್ರತವೇ ಎಂದು ನಾವು ಭಾವಿಸುತ್ತೇವೆ.

ಆ ಹೊತ್ತು ಬಂದಾಗ

ಎದೆಯ ನಡುವೆ ಭಾರವಿಟ್ಟಂತೆ ಒತ್ತುವ ನೋವು, ಅದು ಎಡತೋಳಿಗೆ, ದವಡೆಗೆ, ಬೆನ್ನಿಗೆ ಹರಡುವುದು, ತಣ್ಣನೆಯ ಬೆವರು, ವಾಕರಿಕೆ, ಉಸಿರಿನ ತೊಂದರೆ: ಇವು ಹೃದಯಾಘಾತದ ಲಕ್ಷಣಗಳು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ವಯೋವೃದ್ಧರಲ್ಲಿ ನೋವೇ ಇಲ್ಲದೆ ಬರಿಯ ಸುಸ್ತು, ಏದುಸಿರು, ಹೊಟ್ಟೆಯ ತೊಳಸುವಿಕೆಯಾಗಿ ಬರುವುದುಂಟು. ‘ಗ್ಯಾಸು’ ಎಂದು ಸೋಡಾ ಕುಡಿಸಿ, ಜೀರಿಗೆ ಕಷಾಯ ಕೊಟ್ಟು, ಬೆಳಗಾಗಲೆಂದು ಕಾಯುವುದರಲ್ಲಿಯೇ ಎಷ್ಟೋ ಹೃದಯಗಳು ಒಣಗಿಹೋಗಿವೆ. ಗ್ಯಾಸೋ ಹೃದಯವೋ ಎಂಬುದನ್ನು ಜಗಲಿಯ ಮೇಲೆ ತೀರ್ಮಾನಿಸಲಾಗದು. ಅದಕ್ಕೆ ಇಸಿಜಿ ಬೇಕು. ಹತ್ತು ನಿಮಿಷದ ಕೆಲಸ ಅದು. ಮೊದಲನೆಯದು ಸರಿಯಿದ್ದು ನೋವು ಮುಂದುವರಿದರೆ ಮತ್ತೆ ತೆಗೆಯಬೇಕು.

ಇಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳ ದೂರದ ಲೆಕ್ಕ ಮುಖ್ಯ. ಮುಚ್ಚಿದ ನಾಳವನ್ನು ತೆರೆಯಲು ಎರಡು ದಾರಿಗಳುಂಟು. ಒಂದು, ಆ್ಯಂಜಿಯೋಪ್ಲಾಸ್ಟಿ, ಎರಡು ಗಂಟೆಗಳೊಳಗೆ ಆಗುವಂತಿದ್ದರೆ ಅದೇ ಮೇಲು. ಇನ್ನೊಂದು, ಹೆಪ್ಪು ಕರಗಿಸುವ ಚುಚ್ಚುಮದ್ದು. ನೋವು ಆರಂಭವಾದ ಹನ್ನೆರಡು ಗಂಟೆಗಳವರೆಗೆ ಕೊಡಬಹುದಾದರೂ ಮೊದಲ ಎರಡು–ಮೂರು ಗಂಟೆಗಳಲ್ಲಿ ಅದರ ಫಲ ಅತ್ಯಧಿಕ. ಶ್ರೀರಂಗಪಟ್ಟಣದಿಂದ ಮೈಸೂರು ಸುಮಾರು ಹದಿನೈದು ಕಿಲೋಮೀಟರ್. ಅಲ್ಲಿಯವರಿಗೆ ಮೊದಲ ದಾರಿ ಸುಲಭ. ಪಾಂಡವಪುರದವರಿಗೆ ತುಸು ದೂರ. ಕೃಷ್ಣರಾಜಪೇಟೆ, ನಾಗಮಂಗಲಗಳಿಂದ ಐವತ್ತು ಕಿಲೋಮೀಟರಿಗೂ ಮಿಗಿಲು. ಒಳಗಿನ ಹಳ್ಳಿಯಿಂದ, ನಡುರಾತ್ರಿಯಲ್ಲಿ, ವಾಹನ ಹುಡುಕಿ ಹೊರಡುವಷ್ಟರಲ್ಲಿ ಅಮೂಲ್ಯವಾದ ಕಾಲ ಕಳೆದಿರುತ್ತದೆ. ಅಂತಹವರು ದೂರದ ದೊಡ್ಡ ಆಸ್ಪತ್ರೆಗೇ ಹೋಗುವೆವೆಂದು ಹತ್ತಿರದ ಆಸ್ಪತ್ರೆಯನ್ನು ದಾಟಿಹೋಗಬಾರದು.

ಚಿತ್ರನಟ ಪುನೀತ್ ರಾಜಕುಮಾರ್ ಅವರು 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ಹಠಾತ್ತನೆ ಅಗಲಿದರು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ಪ್ರಕಟಿಸಿದ ಹೃದಯಜ್ಯೋತಿ ಯೋಜನೆಯ ಉದ್ದೇಶ ಇದೇ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳುಹಿಸಿ, ಅವರ ಸೂಚನೆಯಂತೆ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಟ್ಟು, ಅನಂತರ ಆ್ಯಂಜಿಯೋಗ್ರಾಂ ಸೌಲಭ್ಯವಿರುವ ಆಸ್ಪತ್ರೆಗೆ ಸಾಗಿಸುವುದು. ಚುಚ್ಚುಮದ್ದಿನಿಂದ ನೋವು ಇಳಿಯಿತೆಂದು ಮನೆಗೆ ಮರಳಬಾರದು. ಮುಂದಿನ ಒಂದು ದಿನದೊಳಗೆ ಆ್ಯಂಜಿಯೋಗ್ರಾಂ ಆಗುವುದು ಒಳಿತು. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ವ್ಯವಸ್ಥೆ ಹೇಗಿದೆ, ರಾತ್ರಿ ಹೊತ್ತು ಯಾರಿರುತ್ತಾರೆಂಬುದನ್ನು ಆರೋಗ್ಯವಾಗಿರುವಾಗಲೇ ಹೋಗಿ ವಿಚಾರಿಸಿ ಬನ್ನಿ. ಊರಿನ ಸಂಘದವರು, ಯುವಕರು ಇದೊಂದು ಕೆಲಸವನ್ನು ಮಾಡಿ ಶಾಲೆಯ ಗೋಡೆಯ ಮೇಲೆ ಬರೆಸಿದರೂ ದೊಡ್ಡ ಉಪಕಾರ.

ರೋಗಿಯನ್ನು ನಡೆಸಬೇಡಿ; ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಹೋಗಬೇಡಿ. 108ಕ್ಕೆ ಕರೆ ಮಾಡಿ. ನಮ್ಮ ರಾಜ್ಯದಲ್ಲಿ 2008ರಿಂದ ಈ ಸೇವೆ ಇದೆ. ಆಸ್ಪಿರಿನ್ ಒಗ್ಗದವರು, ರಕ್ತಸ್ರಾವದ ತೊಂದರೆಯುಳ್ಳವರನ್ನು ಬಿಟ್ಟು ಉಳಿದವರಿಗೆ 300 ಮಿಲಿಗ್ರಾಂ ಆಸ್ಪಿರಿನ್ನನ್ನು ಅಗಿದು ನುಂಗಲು ಕೊಡುವ ಬಗ್ಗೆ ಕರೆಯಲ್ಲಿಯೇ ಕೇಳಿ ಕೊಡಬಹುದು. ಬೇರೆಯವರಿಗೆಂದು ಬರೆದ ಸಾರ್ಬಿಟ್ರೇಟನ್ನು ಇವರ ನಾಲಿಗೆಯ ಕೆಳಗೆ ಇಡಬೇಡಿ. ಒತ್ತಡ ಮೊದಲೇ ಇಳಿದಿದ್ದರೆ ಅಪಾಯ. ರೋಗಿ ಕುಸಿದು, ಉಸಿರಾಟ ನಿಂತರೆ ಎದೆಯ ನಡುವೆ ಎರಡೂ ಅಂಗೈಗಳನ್ನಿಟ್ಟು ನಿಮಿಷಕ್ಕೆ 100ರಿಂದ 120 ಬಾರಿ, ಎರಡು ಅಂಗುಲ ಆಳಕ್ಕೆ ಬಲವಾಗಿ ಒತ್ತುತ್ತಿರಬೇಕು. ವೈದ್ಯಕೀಯ ಓದುವ ಮಕ್ಕಳು ರಜೆಗೆ ಬಂದಾಗ ಇದನ್ನು ಊರವರಿಗೆ ದಿಂಬಿನ ಮೇಲೆ ಮಾಡಿ ತೋರಿಸಲಿ.

ಮನೆಯಲ್ಲಿ ಮಾಡಬೇಕಾದ್ದು

1. ಒಂದು ಚಿಕ್ಕ ಪುಸ್ತಕದಲ್ಲಿ ರೋಗಿಯ ಕಾಯಿಲೆ, ಮಾತ್ರೆಯ ಹೆಸರು, ಅದರ ಕೆಲಸ, ಹೊತ್ತು ಇವನ್ನು ಕನ್ನಡದಲ್ಲಿ ಬರೆದಿಡಿ. ಆಸ್ಪತ್ರೆಗೆ ಹೋಗುವಾಗ ಅದು ಜೊತೆಗಿರಲಿ.

2. ಹಳೆಯ ಇಸಿಜಿ, ಆ್ಯಂಜಿಯೋಗ್ರಾಂ, ಸ್ಟೆಂಟಿನ ಕಾಗದಗಳನ್ನು ಒಂದೇ ಚೀಲದಲ್ಲಿಡಿ. ಹೊಸ ಇಸಿಜಿಯನ್ನು ಹಳೆಯದರೊಡನೆ ಹೋಲಿಸಿದರೆ ವೈದ್ಯರಿಗೆ ತೀರ್ಮಾನ ಸುಲಭ.

3. ಮಾತ್ರೆ ಮುಗಿಯುವ ವಾರ ಮುಂಚೆಯೇ ತನ್ನಿ. ಕೈಯಲ್ಲಿ ಹಣವಿಲ್ಲವೆಂದು ನಿಲ್ಲಿಸಬೇಡಿ. ಒತ್ತಡ, ಸಕ್ಕರೆಯ ಸಾಮಾನ್ಯ ಮಾತ್ರೆಗಳು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ, ಉಳಿದ ಹಲವು ಜನೌಷಧಿ ಮಳಿಗೆಗಳಲ್ಲಿ ಕಡಿಮೆ ಬೆಲೆಗೆ ದೊರೆಯುತ್ತವೆ.

4. ಒಂದು ಹೊತ್ತಿನ ಮಾತ್ರೆ ಮರೆತರೆ ಮುಂದಿನ ಹೊತ್ತಿಗೆ ಎರಡನ್ನು ಒಟ್ಟಿಗೆ ನುಂಗಬೇಡಿ.

5. ಕಾಲು ಊದುವವರು ಪ್ರತಿದಿನ ಬೆಳಿಗ್ಗೆ ತೂಕ ನೋಡಿಕೊಳ್ಳಿ. ಎರಡು–ಮೂರು ದಿನಗಳಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು, ವೈದ್ಯರನ್ನು ಕಾಣಿ.

6. ಮಾತ್ರೆಯಿಂದ ತೊಂದರೆಯಾದರೆ ನಿಲ್ಲಿಸಿ ಸುಮ್ಮನಿರಬೇಡಿ. ಹೋಗಿ ಹೇಳಿ, ಬದಲಿ ಮಾತ್ರೆಗಳು ಬಹಳ ಇವೆ.

ಮೈಸೂರು, ಬೆಂಗಳೂರುಗಳ ಹೃದ್ರೋಗ ಆಸ್ಪತ್ರೆಯು ಹೊತ್ತಿರುವುದು ಚಿತ್ರದುರ್ಗ ಬೃಹನ್ಮಠದ ಜಯದೇವ ಜಗದ್ಗುರುಗಳ ಹೆಸರನ್ನು. ಅಲ್ಲಿಯ ವೈದ್ಯರು ನಾಳ ತೆರೆದು ಕಳುಹಿಸಬಲ್ಲರು. ಅದನ್ನು ತೆರೆದಿಡುವ ಹೊಣೆ ಮನೆಯದು. ಸೊಸೆಯಾದವಳು ಮಾವನ ಮಾತ್ರೆಯ ಹೆಸರನ್ನು ಬಲ್ಲಳಾದರೆ, ಮೊಮ್ಮಗನು ಅಜ್ಜಿಗೆ ‘ಈ ಮಾತ್ರೆ ನಿನ್ನ ಹೃದಯಕ್ಕೆ ಬಿಡುವು ಕೊಡುತ್ತದೆ’ ಎಂದು ತಿಳಿಸಿ ಹೇಳಬಲ್ಲನಾದರೆ, ಆ ಮನೆಯಲ್ಲಿ ಮಾತ್ರೆ ತಪ್ಪುವುದು ಅಪರೂಪವಾದೀತು.

ಮುಂದಿನ ಸಂಚಿಕೆಯಲ್ಲಿ ಸಕ್ಕರೆ ಕಾಯಿಲೆ ಮತ್ತು ಮೂತ್ರಪಿಂಡದ ವಿಚಾರವನ್ನು ನೋಡೋಣ. ಅಷ್ಟರೊಳಗೆ, ಮನೆಯಲ್ಲಿ ಮೂವತ್ತು ದಾಟಿದವರೆಲ್ಲರೂ ಒಮ್ಮೆ ರಕ್ತದೊತ್ತಡ ನೋಡಿಸಿಕೊಂಡು ಬಂದಿರಲಿ.